ಕೊಡಗಿನ ಮನೆಯಲ್ಲಿ ಹಾಡು ಕೇಳುವ ಕೋಣೆ: ಗೋಡೆಗೆ ಬಡಿದು ಬರುವ ಸದ್ದನ್ನು ಹದಕ್ಕೆ ತರುವುದು ಹೇಗೆ

ನಮ್ಮ ಹಳೇ ಮನೆಯಲ್ಲಿ ಹಾಡು ಕೇಳುವ ಕೋಣೆಗೂ ಕಾಫಿಗೂ ನಂಟಿತ್ತು. ಫೆಬ್ರವರಿ ಹೊತ್ತಿಗೆ ಕಣದಲ್ಲಿ ಒಣಗಿದ ಚೆರಿಯನ್ನು, ಅಂದರೆ ಕಾಫಿ ಹಣ್ಣನ್ನು, ಮೂಟೆ ಕಟ್ಟಿ ಅದೇ ಕೋಣೆಯ ಎರಡು ಮೂಲೆಗೆ ಆಳೆತ್ತರ ಪೇರಿಸುತ್ತಿದ್ದೆವು. ಆ ದಿನಗಳಲ್ಲಿ ತಬಲಾದ ಎಡಗೈ ಪೆಟ್ಟು ಒಂದೊಂದೂ ಬಿಡಿಬಿಡಿಯಾಗಿ ಕೇಳುತ್ತಿತ್ತು. ಲಾರಿ ಬಂದು ಮೂಟೆ ಹೊತ್ತುಕೊಂಡು ಹೋದ ಮರುದಿನ ಅದೇ ತಬಲಾ ಗುಂಯ್ ಅನ್ನುತ್ತಿತ್ತು. ಕಾಫಿ ಮಾರಿದ ಬೇಸರ ಇರಬೇಕು ಅಂತ ಅಪ್ಪ ನಗುತ್ತಿದ್ದರು. ನಾನೂ ನಕ್ಕು ಸುಮ್ಮನಾಗಿದ್ದೆ.

ಆಮೇಲೆ ಮಡಿಕೇರಿ ಹತ್ತಿರ ಹೊಸ ಮನೆ ಕಟ್ಟಿದೆವು. ಆರ್‌ಸಿಸಿ ಚಾವಣಿ, ಪುಟ್ಟಿ ಹಚ್ಚಿದ ನುಣುಪು ಗೋಡೆ, ನೆಲಕ್ಕೆ ಹೊಳೆಯುವ ಟೈಲ್ಸ್, ದೊಡ್ಡ ಗಾಜಿನ ಕಿಟಕಿ. ಅದೇ ಸ್ಪೀಕರ್, ಅದೇ ಆಂಪ್ಲಿಫೈಯರ್. ಹಾಡು ಹಾಕಿದರೆ ಬಚ್ಚಲುಮನೆಯಲ್ಲಿ ಯಾರೋ ಕಿರುಚಿದ ಹಾಗೆ. ವೈರ್ ಬದಲಾಯಿಸಿದೆ, ಆಂಪ್ಲಿಫೈಯರ್ ಬದಲಾಯಿಸಿದೆ. ದುಡ್ಡು ಹೋಯಿತು, ಕಿರುಚು ಹೋಗಲಿಲ್ಲ. ತಪ್ಪು ಗೋಡೆಯದು ಅಂತ ತಿಳಿಯಲು ಎರಡು ವರ್ಷ ಬೇಕಾಯಿತು. ನಿಮಗೆ ಅಷ್ಟು ಕಾಲ ಬೇಡ ಅಂತ ಇದನ್ನು ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಂಟರ್ನೆಟ್ಟಿನಲ್ಲಿ ಸಿಗುವ ಸಲಹೆಗಳು ಹೆಚ್ಚಿನವು ಒಣ ಹವೆಯ ಊರಿನವು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ. ಇಲ್ಲಿ ಗೋಡೆಗೆ ಏನು ಹಾಕಿದರೂ ಅದರ ಹಿಂದೆ ಗಾಳಿ ಆಡಬೇಕು. ಅದೃಷ್ಟಕ್ಕೆ, ಬೂಷ್ಟು ಬಾರದಿರಲಿ ಅಂತ ಬಿಡುವ ಆ ಜಾಗವೇ ಸದ್ದಿಗೂ ಬೇಕಾದ ಜಾಗ. ಅದು ಹೇಗೆ ಅಂತ ಮುಂದೆ ಹೇಳುತ್ತೇನೆ.

ಕೋಣೆಯಲ್ಲಿ ಸದ್ದು ಏನು ಮಾಡುತ್ತದೆ

ಸದ್ದು ಸೆಕೆಂಡಿಗೆ ಸುಮಾರು 1,130 ಅಡಿ ಓಡುತ್ತದೆ. ಅಂದರೆ ಒಂದು ಮಿಲಿಸೆಕೆಂಡಿಗೆ ಒಂದು ಅಡಿಗಿಂತ ಸ್ವಲ್ಪ ಜಾಸ್ತಿ. ಸ್ಪೀಕರಿನಿಂದ ಹೊರಟ ಸದ್ದು ಮೊದಲು ನೇರವಾಗಿ ಕಿವಿಗೆ ಬರುತ್ತದೆ. ಹಿಂದೆಯೇ ಪಕ್ಕದ ಗೋಡೆಗೆ, ನೆಲಕ್ಕೆ, ಚಾವಣಿಗೆ ಬಡಿದ ಅದೇ ಸದ್ದು ಸ್ವಲ್ಪ ತಡವಾಗಿ ಬರುತ್ತದೆ. ಒಮ್ಮೆ ಮಾತ್ರ ಬಡಿದು ಬರುವ ಇವೇ ಮೊದಲ ಪ್ರತಿಫಲನಗಳು.

ನನ್ನ ಕೋಣೆಯ ಲೆಕ್ಕವನ್ನೇ ಕೊಡುತ್ತೇನೆ. ಉದ್ದ 14 ಅಡಿ, ಅಗಲ 11, ಎತ್ತರ 9.5. ಸ್ಪೀಕರ್‌ಗಳ ನಡುವೆ 6 ಅಡಿ, ಕಿವಿಗೂ 6 ಅಡಿ. ಪಕ್ಕದ ಗೋಡೆ ಸ್ಪೀಕರಿನಿಂದ ಎರಡೂವರೆ ಅಡಿ ದೂರ. ನೇರ ಸದ್ದು 6 ಅಡಿ ಬಂದರೆ, ಹತ್ತಿರದ ಗೋಡೆಗೆ ಬಡಿದದ್ದು ಸುಮಾರು 9.5 ಅಡಿ ಸುತ್ತಿ ಬರುತ್ತದೆ. ತಡ ಆದದ್ದು ಬರೀ 3 ಮಿಲಿಸೆಕೆಂಡು. ಆ ಸುತ್ತಿನಲ್ಲಿ ಅದು ಕಳೆದುಕೊಳ್ಳುವುದು 4 ಡೆಸಿಬಲ್ ಅಷ್ಟೇ. ನುಣುಪು ಗೋಡೆ ತಾನಾಗಿ ಏನೂ ನುಂಗುವುದಿಲ್ಲ.

ಇಷ್ಟು ಬೇಗ ಬಂದದ್ದನ್ನು ಕಿವಿ ಪ್ರತಿಧ್ವನಿ ಅಂತ ಬೇರೆಯಾಗಿ ಗುರುತಿಸುವುದಿಲ್ಲ. ಜರ್ಮನಿಯ ಹೆಲ್ಮುಟ್ ಹಾಸ್ 1949ರಲ್ಲೇ ಇದನ್ನು ಮಾತಿನ ಸದ್ದಿನ ಮೇಲೆ ಪರೀಕ್ಷಿಸಿದ್ದರು. ಸುಮಾರು 30 ಮಿಲಿಸೆಕೆಂಡಿನ ಒಳಗೆ ಬಂದದ್ದನ್ನೆಲ್ಲ ನಮ್ಮ ಮೆದುಳು ಮೊದಲ ಸದ್ದಿನ ಜೊತೆ ಕಲಸಿಬಿಡುತ್ತದೆ. ತೊಂದರೆ ಇರುವುದು ಆ ಕಲಸುವಿಕೆಯಲ್ಲೇ. ಎರಡು ಅಲೆ ಸೇರುವಾಗ ಕೆಲವು ಸ್ವರ ಉಬ್ಬುತ್ತವೆ, ಕೆಲವು ಕರಗುತ್ತವೆ. ಗಾಯಕಿಯ ದನಿ ಮಧ್ಯದಲ್ಲಿ ನಿಲ್ಲದೆ ಗೋಡೆಯ ಕಡೆ ಹರಡಿಕೊಳ್ಳುತ್ತದೆ.

ಬಾಸ್‌ನ, ಅಂದರೆ ತಬಲಾದ ಎಡಗೈ ಪೆಟ್ಟಿನಂಥ ತಗ್ಗು ಸ್ವರದ, ಕಥೆಯೇ ಬೇರೆ. ಕೋಣೆಯ ಉದ್ದಕ್ಕೆ ಹೊಂದುವ ಅಲೆ ಎರಡು ಗೋಡೆ ನಡುವೆ ನಿಂತುಬಿಡುತ್ತದೆ. 1,130ನ್ನು ಉದ್ದದ ಎರಡರಷ್ಟಕ್ಕೆ ಭಾಗಿಸಿ. ನನ್ನ 14 ಅಡಿಗೆ 40 ಹರ್ಟ್ಜ್ (ಸೆಕೆಂಡಿಗೆ 40 ಕಂಪನ), 11 ಅಡಿಗೆ 51, 9.5 ಅಡಿಗೆ 59. ಹಳೇ ಮನೆಯಲ್ಲಿ ಮೂಟೆ ಹೋದ ಮೇಲೆ ಗುಂಯ್ ಅಂದದ್ದು ಇಂಥದ್ದೇ. ಈ ಅಲೆಗಳ ಒತ್ತಡ ಜಾಸ್ತಿ ಇರುವುದು ಮೂಲೆಯಲ್ಲಿ. ಮೂಟೆ ಇದ್ದದ್ದೂ ಮೂಲೆಯಲ್ಲಿ.

ಕೋಣೆಯಲ್ಲಿ ಸದ್ದು ಸಾಯುವುದನ್ನು ಮೊದಲು ಲೆಕ್ಕಕ್ಕೆ ತಂದ ಹಾರ್ವರ್ಡಿನ ವ್ಯಾಲೆಸ್ ಸಬೈನ್ ಮಾಡಿದ್ದೂ ಹೆಚ್ಚುಕಡಿಮೆ ಮೂಟೆ ಹೊರುವ ಕೆಲಸವನ್ನೇ. 1895ರಲ್ಲಿ ಫಾಗ್ ಮ್ಯೂಸಿಯಂನ ಉಪನ್ಯಾಸದ ಹಾಲಿನಲ್ಲಿ ಮಾತು ಕಲಸಿಹೋಗುತ್ತಿತ್ತು. ಅದನ್ನು ಸರಿಮಾಡಲು ವಿಶ್ವವಿದ್ಯಾಲಯ ಸಬೈನ್‌ಗೆ ಹೇಳಿತು. ಅವರು ರಾತ್ರಿ ಹೊತ್ತು ಪಕ್ಕದ ಸ್ಯಾಂಡರ್ಸ್ ಥಿಯೇಟರಿನಿಂದ ಸೀಟಿನ ಮೆತ್ತೆಗಳನ್ನು ಹೊರಿಸಿ ತಂದು, ಎಷ್ಟು ಮೆತ್ತೆ ಇಟ್ಟರೆ ಸದ್ದು ಎಷ್ಟು ಬೇಗ ಸಾಯುತ್ತದೆ ಅಂತ ಅಳೆದರು. ಬೆಳಗಾಗುವುದರೊಳಗೆ ಮೆತ್ತೆ ವಾಪಸ್.

ಹೆಜ್ಜೆ 1: ಚಪ್ಪಾಳೆ

ಕೋಣೆಯ ಮಧ್ಯ ನಿಂತು ಒಂದೇ ಒಂದು ಗಟ್ಟಿ ಚಪ್ಪಾಳೆ ತಟ್ಟಿ. ಹಿಂದೆಯೇ ಟರ್‌ರ್‌ರ್ ಅಂತ, ಹಕ್ಕಿ ರೆಕ್ಕೆ ಬಡಿದ ಹಾಗೆ ಸದ್ದು ಬಂದರೆ ಎದುರುಬದುರು ಎರಡು ಬೋಳು ಗೋಡೆಗಳು ಸದ್ದನ್ನು ಚೆಂಡಿನ ಹಾಗೆ ಆಡುತ್ತಿವೆ ಅಂತ ಅರ್ಥ. 11 ಅಡಿ ಅಂತರದಲ್ಲಿ ಸದ್ದು ಹೋಗಿ ಬರಲು ಸುಮಾರು 20 ಮಿಲಿಸೆಕೆಂಡು. ಸೆಕೆಂಡಿಗೆ 50 ಸಲ.

ಸ್ಪೀಕರ್ ಇರುವ ಜಾಗದಲ್ಲಿ, ಕೂರುವ ಜಾಗದಲ್ಲಿ, ಮೂಲೆಯಲ್ಲಿ ಬೇರೆ ಬೇರೆ ತಟ್ಟಿ ನೋಡಿ. ಆಮೇಲೆ ಮಡಿಕೇರಿ ಆಕಾಶವಾಣಿಯ ವಾರ್ತೆ ಹಾಕಿ, ಎರಡೂ ಸ್ಪೀಕರಿನಲ್ಲಿ ಒಂದೇ ಮಟ್ಟಕ್ಕೆ. ಓದುವವರ ದನಿ ಸರಿಯಾಗಿ ಎರಡರ ನಡುವಿನಿಂದ, ಒಂದು ಮುಖದಷ್ಟು ಅಗಲದಿಂದ ಬರಬೇಕು. ಗೋಡೆಯಷ್ಟು ಅಗಲದ ಬಾಯಿಯಿಂದ ಬಂದರೆ ಕೆಲಸ ಇದೆ. ಕಂಡದ್ದನ್ನು ಒಂದು ಕಾಗದದಲ್ಲಿ ಬರೆದಿಡಿ. ತಿಂಗಳು ಕಳೆದ ಮೇಲೆ ಕಿವಿಗೆ ನೆನಪಿರುವುದಿಲ್ಲ.

ಹೆಜ್ಜೆ 2: ಒಂದು ರೂಪಾಯಿ ಖರ್ಚಿಲ್ಲದ ಕೆಲಸ

ಸ್ಪೀಕರನ್ನು ಗೋಡೆಗೆ ಒತ್ತಿ, ಸೋಫಾವನ್ನು ಎದುರಿನ ಗೋಡೆಗೆ ಒತ್ತಿ ಇಡುವುದು ನಮ್ಮೆಲ್ಲರ ಮನೆಯ ಪದ್ಧತಿ. ಎರಡೂ ಸದ್ದಿಗೆ ಕೆಟ್ಟದ್ದು. ಹಿಂದಿನ ಗೋಡೆಗೆ ತಲೆ ತಾಗಿಸಿ ಕೂತರೆ ಬಾಸ್ ಉಬ್ಬಿ ಬರುತ್ತದೆ, ಗೋಡೆಯ ಸದ್ದು ಕಿವಿಯಲ್ಲೇ ಕೂತಿರುತ್ತದೆ.

ಕೋಣೆಯ ಉದ್ದದ ದಿಕ್ಕಿನಲ್ಲಿ ಕೇಳುವ ಹಾಗೆ ಜೋಡಿಸಿ. ಎಡಬಲ ಗೋಡೆಗೆ ಎರಡೂ ಸ್ಪೀಕರ್ ಸಮ ದೂರ ಇರಲಿ. ಕುರ್ಚಿ ಕೋಣೆಯ ನಟ್ಟನಡುವೆ ಬೇಡ, ಅಲ್ಲಿ ಬಾಸ್ ಒಣಗಿಹೋಗುತ್ತದೆ. ಉದ್ದದ 38 ಶೇಕಡಾ ಹತ್ತಿರ ಅಂತ ಒಂದು ರೂಢಿ ಇದೆ. ನನ್ನ 14 ಅಡಿಗೆ ಅದು ಹಿಂದಿನ ಗೋಡೆಯಿಂದ 5.3 ಅಡಿ. ನಾನು ಕೂರುವುದು 5.8ರಲ್ಲಿ. ಅರ್ಧ ಅಡಿಗೆ ಜಗಳ ಬೇಡ.

ಸ್ಪೀಕರಿನ ಹಿಂದಿನ ಗೋಡೆಯ ದೂರಕ್ಕೂ ಒಂದು ಲೆಕ್ಕ ಇದೆ. 3 ಅಡಿ ಬಿಟ್ಟರೆ 94 ಹರ್ಟ್ಜ್ ಸುತ್ತ ಒಂದು ತಗ್ಗು ಬೀಳುತ್ತದೆ. ಹಿಂದೆ ಹೋಗಿ ಬಂದ ಅಲೆ ಮುಂದಿನದನ್ನು ಅಳಿಸುವುದರಿಂದ ಹೀಗಾಗುತ್ತದೆ. 1,130ನ್ನು ದೂರದ ನಾಲ್ಕರಷ್ಟಕ್ಕೆ ಭಾಗಿಸಿದರೆ ನಿಮ್ಮ ತಗ್ಗು ಸಿಗುತ್ತದೆ. ಸ್ಪೀಕರನ್ನು ಅರ್ಧರ್ಧ ಅಡಿ ಹಿಂದೆ ಮುಂದೆ ಸರಿಸಿ ಒಂದು ವಾರ ಕೇಳಿ. ನನ್ನ ಅನುಭವದಲ್ಲಿ ಅರ್ಧ ಕಾಯಿಲೆ ಇಲ್ಲೇ ವಾಸಿ.

ಐನ್‌ಮನೆ, ಅಂದರೆ ಕೊಡವರ ಕುಟುಂಬದ ಮೂಲ ಮನೆ, ಇರುವವರಿಗೆ ಒಂದು ಮಾತು. ಅದರ ನಡುವಿನ ಹಜಾರದಲ್ಲಿ, ನೆಲ್ಲಕ್ಕಿ ನಡುಬಾಡೆಯಲ್ಲಿ, ಸದ್ದು ಮೃದುವಾಗಿ ಕೇಳುತ್ತದೆ, ಮರದ ಕೆಲಸ ಜಾಸ್ತಿ. ಹಾಗಂತ ದೀಪ ಬೆಳಗುವ ಜಾಗಕ್ಕೆ ಸ್ಪೀಕರ್ ತರಬೇಡಿ. ಹಿರಿಯರು ಬೈದರೆ ನನ್ನ ಹೆಸರು ಹೇಳಬೇಡಿ.

ಹೆಜ್ಜೆ 3: ಕನ್ನಡಿ

ಬೆಳಕಿನ ಹಾಗೆಯೇ ಸದ್ದೂ ಬಂದ ಕೋನದಲ್ಲೇ ಗೋಡೆಯಿಂದ ತಿರುಗುತ್ತದೆ. ಹಾಗಾಗಿ ಕನ್ನಡಿ ಸಾಕು. ನೀವು ಕುರ್ಚಿಯಲ್ಲಿ ಕೂರಿ. ಮನೆಯವರೊಬ್ಬರು ಕಿವಿಯ ಎತ್ತರಕ್ಕೆ ಕನ್ನಡಿ ಹಿಡಿದು, ಪಕ್ಕದ ಗೋಡೆಗೆ ಒತ್ತಿ ನಿಧಾನ ಸರಿಸಲಿ. ಅದರಲ್ಲಿ ಸ್ಪೀಕರಿನ ಟ್ವೀಟರ್ (ತಾರಕದ ಸದ್ದು ಬರುವ ಚಿಕ್ಕ ಬಾಯಿ) ಕಂಡ ಕೂಡಲೇ ಗುರುತು ಹಾಕಿಸಿ.

ಇಲ್ಲಿ ಹೆಚ್ಚಿನವರು ಒಂದು ಗುರುತಿಗೇ ನಿಲ್ಲಿಸಿಬಿಡುತ್ತಾರೆ. ಪ್ರತಿ ಪಕ್ಕದ ಗೋಡೆಗೂ ಎರಡು ಗುರುತು ಇರುತ್ತದೆ: ಹತ್ತಿರದ ಸ್ಪೀಕರಿನದು ಒಂದು, ಆಚೆ ಬದಿಯದು ಇನ್ನೊಂದು. ನನ್ನ ಕೋಣೆಯಲ್ಲಿ ಮೊದಲನೆಯದು ಸ್ಪೀಕರ್ ಸಾಲಿನಿಂದ ನನ್ನ ಕಡೆಗೆ 1.6 ಅಡಿ, ಎರಡನೆಯದು 3.2 ಅಡಿ. 2 ಅಡಿ × 4 ಅಡಿಯ ಒಂದು ಪ್ಯಾನೆಲನ್ನು (ಸದ್ದು ನುಂಗುವ ಚೌಕಟ್ಟು, ಕಟ್ಟುವುದನ್ನು ಮುಂದೆ ಹೇಳುತ್ತೇನೆ) ಅಡ್ಡಲಾಗಿ ಹಾಕಿದರೆ ಎರಡನ್ನೂ ಮುಚ್ಚುತ್ತದೆ. ಉದ್ದಕ್ಕೆ ನಿಲ್ಲಿಸಿದ್ದರೆ ಎರಡೂ ಗುರುತು ಅದರ ಅಂಚಿಗೆ ಬೀಳುತ್ತಿದ್ದವು.

ಹೀಗೆಯೇ ಚಾವಣಿ, ಸ್ಪೀಕರಿನ ಹಿಂದಿನ ಗೋಡೆ, ನಿಮ್ಮ ಬೆನ್ನ ಹಿಂದಿನ ಗೋಡೆ ಎಲ್ಲ ನೋಡಿ. ಚಾವಣಿಗೆ ಕನ್ನಡಿ ಹಿಡಿಯುವಾಗ ಏಣಿ ಹತ್ತುವವರು ಬೇರೆ, ಏಣಿ ಹಿಡಿಯುವವರು ಬೇರೆ ಇರಲಿ.

ಹೆಜ್ಜೆ 4: ಹಾಸಿಗೆ ಪರೀಕ್ಷೆ

ಏನನ್ನೂ ಕೊಳ್ಳುವ ಮೊದಲು ಮನೆಯಲ್ಲಿರುವ ಹತ್ತಿ ಹಾಸಿಗೆಗಳನ್ನು ಎಳೆದು ತನ್ನಿ. ಗುರುತು ಹಾಕಿದ ಜಾಗಕ್ಕೆ ಒಂದೊಂದು ನಿಲ್ಲಿಸಿ, ಬೀಳದ ಹಾಗೆ ಕುರ್ಚಿ ಕೊಡಿ. ಎರಡು ಮೂಲೆಗೆ ಸುತ್ತಿದ ಹಾಸಿಗೆ ನಿಲ್ಲಿಸಿ. ಮೂಟೆ ಇದ್ದರೆ ಮೂಟೆಯೇ ಆಗಬಹುದು. ಈಗ ಅದೇ ವಾರ್ತೆ, ಅದೇ ಹಾಡು.

ಈ ಒಂದು ಸಂಜೆಯ ಕೆಲಸ ನನಗೆ ಓದಿದ್ದೆಲ್ಲಕ್ಕಿಂತ ಜಾಸ್ತಿ ಕಲಿಸಿತು. ಪಕ್ಕದ ಗೋಡೆಯ ಹಾಸಿಗೆ ತೆಗೆದಾಗ ದನಿ ಹರಡುತ್ತಿತ್ತು, ಇಟ್ಟಾಗ ಕೂಡಿಕೊಳ್ಳುತ್ತಿತ್ತು. ವ್ಯತ್ಯಾಸ ಕೇಳದ ಜಾಗಕ್ಕೆ ದುಡ್ಡು ಹಾಕಬೇಡಿ. ನನ್ನ ಅತ್ತೆ ಆ ದಿನ ಬಂದಿದ್ದರು. ರಾತ್ರಿ ಮಲಗುವುದು ಎಲ್ಲಿ ಅಂತ ಕೇಳಿದ್ದು ಬಿಟ್ಟರೆ ಬೇರೆ ಏನೂ ಅನ್ನಲಿಲ್ಲ.

ಪಕ್ಕದ ಗೋಡೆಯ ಸದ್ದನ್ನು ನುಂಗಲೇಬೇಕಾ ಅನ್ನುವುದಕ್ಕೆ ಎರಡು ಮತ ಇದೆ. ಕೆನಡಾದ ಫ್ಲಾಯ್ಡ್ ಟೂಲ್ ವರ್ಷಗಟ್ಟಲೆ ಕೇಳುಗರ ಮೇಲೆ ಪರೀಕ್ಷೆ ಮಾಡಿದವರು. ಸ್ಪೀಕರ್ ಒಳ್ಳೆಯದಿದ್ದು ಬದಿಗೆ ಹೋಗುವ ಸದ್ದೂ ಸಮವಾಗಿದ್ದರೆ, ಪಕ್ಕದಿಂದ ಬರುವ ಪ್ರತಿಫಲನ ಹಲವರಿಗೆ ಹಿತವಾಗಿಯೇ ಕೇಳುತ್ತದೆ ಅನ್ನುವುದು ಅವರ ಮಾತು. ನಾನು ಒಪ್ಪುತ್ತೇನೆ, ಅಗಲವಾದ ಹಾಲ್ ಇದ್ದವರಿಗೆ. ಗೋಡೆ ಸ್ಪೀಕರಿನಿಂದ ಮೂರು ಅಡಿಗಿಂತ ಹತ್ತಿರ ಇದ್ದರೆ ನುಂಗುವುದೇ ಮೇಲು. ಹಾಸಿಗೆ ಇಟ್ಟು ತೆಗೆದು ನಿಮ್ಮ ಕಿವಿಯೇ ತೀರ್ಮಾನಿಸಲಿ.

ಹೆಜ್ಜೆ 5: ಗೋಡೆಗೆ ಏನು ಹಾಕಬೇಕು, ಏನು ಬೇಡ

ನಾನು ಮೊದಲು ಮಾಡಿದ್ದು ಎಲ್ಲರೂ ಮಾಡುವ ತಪ್ಪು. ಆನ್‌ಲೈನ್‌ನಲ್ಲಿ ಒಂದು ಇಂಚಿನ ಕಪ್ಪು ಫೋಮ್ ತರಿಸಿ, ಮುಳ್ಳುಮುಳ್ಳಾಗಿ ಇರುತ್ತದಲ್ಲ ಅದು, ಗೋಡೆ ತುಂಬ ಅಂಟಿಸಿದೆ. ಸ್ಟುಡಿಯೋ ಥರ ಕಂಡಿತು. ಹಾಡು ಮಾತ್ರ ಕಂಬಳಿ ಹೊದ್ದು ಹಾಡಿದ ಹಾಗೆ ಮಂಕಾಯಿತು, ಗುಂಯ್ ಅನ್ನುವುದು ಹಾಗೇ ಉಳಿಯಿತು. ಆಗಸ್ಟಿನಲ್ಲಿ ಒಂದು ತುಂಡು ಕಿತ್ತು ನೋಡಿದರೆ ಹಿಂದೆ ಗೋಡೆ ಕಪ್ಪಗೆ ಬೂಷ್ಟು ಹಿಡಿದಿತ್ತು. ಉಳಿದದ್ದನ್ನು ಕೀಳುವಾಗ ಬಣ್ಣ, ಪುಟ್ಟಿ ಎಲ್ಲ ಜೊತೆಗೇ ಬಂತು.

ಮಂಕಾದದ್ದು ಯಾಕೆ? ಹತ್ತಿ, ಉಣ್ಣೆ, ಫೋಮ್ ಇವೆಲ್ಲ ಸದ್ದನ್ನು ನುಂಗುವುದು ಗಾಳಿಯ ಅಲುಗಾಟವನ್ನು ತಡೆದು. ಗೋಡೆಗೆ ಒತ್ತಿದ ಜಾಗದಲ್ಲಿ ಗಾಳಿ ಅಲುಗಾಡುವುದೇ ಇಲ್ಲ, ಗೋಡೆ ಬಿಡುವುದಿಲ್ಲವಲ್ಲ. ಅತಿ ಹೆಚ್ಚು ಅಲುಗಾಡುವುದು ಗೋಡೆಯಿಂದ ಅಲೆಯ ಕಾಲು ಭಾಗದಷ್ಟು ಈಚೆಗೆ. 1,000 ಹರ್ಟ್ಜ್‌ನ ಅಲೆ ಹದಿಮೂರೂವರೆ ಇಂಚು, ಅದರ ಕಾಲು ಭಾಗ ಮೂರೂವರೆ ಇಂಚು ಹತ್ತಿರ. 250 ಹರ್ಟ್ಜ್‌ಗೆ ಅದೇ ಕಾಲು ಭಾಗ ಹದಿಮೂರೂವರೆ ಇಂಚಾಗುತ್ತದೆ. ಒಂದು ಇಂಚಿನ ಫೋಮ್‌ಗೆ ಸಿಗುವುದು ತಾರಕದ ಸದ್ದು ಮಾತ್ರ. ಅದನ್ನಷ್ಟೇ ತಿಂದು ಉಳಿದದ್ದನ್ನು ಬಿಟ್ಟರೆ ಮಂಕಾಗದೆ ಇನ್ನೇನು?

ಅದಕ್ಕೇ ಪ್ಯಾನೆಲನ್ನು ಗೋಡೆಯಿಂದ ಎತ್ತಿ ಈಚೆ ನಿಲ್ಲಿಸಬೇಕು. 4 ಇಂಚಿನ ಪ್ಯಾನೆಲ್, ಹಿಂದೆ 4 ಇಂಚು ಖಾಲಿ. ಒಟ್ಟು 8 ಇಂಚು. ಹತ್ತಿರ ಹತ್ತಿರ 8 ಇಂಚು ದಪ್ಪದ ಕೆಲಸ ಅರ್ಧ ಸಾಮಾನಿನಲ್ಲಿ ಆಗುತ್ತದೆ. ಆ ಖಾಲಿ ಜಾಗದಲ್ಲಿ ಗಾಳಿಯೂ ಓಡಾಡುತ್ತದೆ, ಗೋಡೆಯೂ ಒಣಗುತ್ತದೆ. ಮೊದಲೇ ಹೇಳಿದ ಅದೃಷ್ಟ ಇದೇ.

ಈಗ ಸಾಮಾನು. ಎಲ್ಲಕ್ಕಿಂತ ಒಳ್ಳೆಯದು ರಾಕ್‌ವೂಲ್. ಘನ ಮೀಟರಿಗೆ 48 ಅಥವಾ 64 ಕೆ.ಜಿ. ಸಾಂದ್ರತೆಯ ಸ್ಲ್ಯಾಬ್ ಕೇಳಿ. 2 ಇಂಚಿನದು ಸಿಕ್ಕರೆ ಎರಡು ಪದರ ಹಾಕಿ. ಕಲ್ಲನ್ನು ಕರಗಿಸಿ ಎಳೆದ ನಾರು ಅದು, ಬೆಂಕಿ ಹಿಡಿಯುವುದಿಲ್ಲ, ಬೂಷ್ಟಿಗೆ ತಿನ್ನಲು ಅದರಲ್ಲಿ ಏನೂ ಇಲ್ಲ. ಬೂಷ್ಟು ಬಂದರೆ ಮೇಲಿನ ಬಟ್ಟೆಗೆ, ಕೂತ ಧೂಳಿಗೆ ಬರುತ್ತದೆ. ಮೈಸೂರಿನಲ್ಲಿ ಕೋಲ್ಡ್ ಸ್ಟೋರೇಜ್, ಬಾಯ್ಲರ್ ಕೆಲಸಕ್ಕೆ ಇನ್ಸುಲೇಷನ್ ಮಾರುವ ಅಂಗಡಿಯಲ್ಲಿ ಕೇಳಿ. ಆಡಿಯೋ ಅಂಗಡಿಯಲ್ಲಿ ಕೇಳಿದರೆ ಅದೇ ಸಾಮಾನಿಗೆ ಬೇರೆ ಹೆಸರು, ಬೇರೆ ರೇಟು.

ಕಂಬಳಿ ನಮ್ಮ ಬಡವರ ರಾಕ್‌ವೂಲ್. ದಪ್ಪ ಉಣ್ಣೆ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ, ಗೋಡೆಯಿಂದ ಅರ್ಧ ಅಡಿ ಈಚೆ ಬಿದಿರ ಗಳಕ್ಕೆ ನೇತು ಹಾಕಿ. ಮಧ್ಯಮ ಸ್ವರದವರೆಗೂ ಚೆನ್ನಾಗಿ ನುಂಗುತ್ತದೆ. ನುಸಿ ಬಾರದ ಹಾಗೆ ಆಗಾಗ ಬಿಸಿಲಿಗೆ ಹಾಕಬೇಕು ಅಷ್ಟೇ.

ಕಾಫಿ ಗೋಣಿ ನೋಡಲು ಚೆಂದ, ಗಾಳಿ ಸಲೀಸಾಗಿ ಆಡುತ್ತದೆ. ಪ್ಯಾನೆಲಿಗೆ ಹೊದಿಸಲು ನಾನೂ ಬಳಸಿದೆ. ಮಳೆಗಾಲದಲ್ಲಿ ಕೋಣೆಯೆಲ್ಲ ಗೋಡೌನ್ ವಾಸನೆ. ಮರುವರ್ಷ ಪಾಲಿಯೆಸ್ಟರ್ ಬೆರೆತ ಬಟ್ಟೆಗೆ ಬದಲಾಯಿಸಿದೆ. ಬಟ್ಟೆ ಆರಿಸುವಾಗ ಬಾಯಿಗೆ ಒತ್ತಿ ಊದಿ ನೋಡಿ. ಉಸಿರು ಸಲೀಸಾಗಿ ಆಚೆ ಹೋದರೆ ಸದ್ದೂ ಹೋಗುತ್ತದೆ. ರೆಕ್ಸಿನ್ ಬೇಡ.

ಮೊಟ್ಟೆ ಟ್ರೇ ಅಂಟಿಸುವವರು ಇನ್ನೂ ಇದ್ದಾರೆ. ತೆಳು ಕಾಗದ, ಕೆಲಸ ಏನೂ ಇಲ್ಲ, ಬೆಂಕಿಗೆ ಆಹ್ವಾನ. ಥರ್ಮೋಕೋಲ್ ಸಹ ಹಾಗೇ. ಅದರೊಳಗೆ ಗಾಳಿ ಆಡುವುದೇ ಇಲ್ಲ. ಗೋಣಿಗೆ ಹುಲ್ಲು, ಕಾಫಿ ಸಿಪ್ಪೆ ತುಂಬಿ ಮೂಲೆಗೆ ನಿಲ್ಲಿಸುವ ಯೋಚನೆ ನನಗೂ ಬಂದಿತ್ತು, ಮಾಡಿಯೂ ನೋಡಿದೆ. ಸದ್ದಿಗೆ ಪರವಾಗಿಲ್ಲ. ಇಲಿಗಳಿಗೂ ತುಂಬ ಇಷ್ಟವಾಯಿತು.

ಎಷ್ಟು ಬೇಕು?

ಸಬೈನ್ ಲೆಕ್ಕ ಅಡಿಯಲ್ಲಿ ಹೀಗಿದೆ: ಕೋಣೆಯ ಘನ ಅಡಿಯನ್ನು 0.049ರಿಂದ ಗುಣಿಸಿ, ಸದ್ದು ಸಾಯಲು ಹಿಡಿಯುವ ಸೆಕೆಂಡಿನಿಂದ ಭಾಗಿಸಿ. ಸದ್ದು ಸಾಯುವುದು ಅಂದರೆ ಇಲ್ಲಿ 60 ಡೆಸಿಬಲ್ ಇಳಿಯುವುದು. ಸಿಗುವ ಸಂಖ್ಯೆ ಕೋಣೆಯಲ್ಲಿರುವ ನುಂಗುವ ಚದರಡಿ, ಅಂದರೆ ಬಿದ್ದ ಸದ್ದನ್ನೆಲ್ಲ ನುಂಗುವ ಎಷ್ಟು ಚದರಡಿ ಜಾಗಕ್ಕೆ ಕೋಣೆ ಸಮ ಅನ್ನುವುದು. ನನ್ನದು 1,463 ಘನ ಅಡಿ. ಸೋಫಾ, ಪರದೆ ಎಲ್ಲ ಇದ್ದಾಗ ಅಳೆದರೆ 0.7 ಸೆಕೆಂಡು, ಅಂದರೆ ಸುಮಾರು 102 ಚದರಡಿ. ಮನೆಯಲ್ಲಿ ಹಾಡು ಕೇಳಲು 0.3ರಿಂದ 0.5 ಹಿತ. 0.4 ಬೇಕಾದರೆ 179 ಚದರಡಿ ಇರಬೇಕು. ಕೊರತೆ 77. ಒಂದು 2 ಅಡಿ × 4 ಅಡಿ ಪ್ಯಾನೆಲ್ 8 ಚದರಡಿ, ಹಾಗಾಗಿ ಹತ್ತು ಪ್ಯಾನೆಲ್.

ಈ ಲೆಕ್ಕ ದೊಡ್ಡ ಹಾಲಿಗೆ ಮಾಡಿದ್ದು. ಸಣ್ಣ ಕೋಣೆಯಲ್ಲಿ, ಅದೂ ಬಾಸ್‌ಗೆ, ಪೂರ್ತಿ ಹೊಂದುವುದಿಲ್ಲ. ಅಂದಾಜಿಗೆ ಸಾಕು. ಹತ್ತಕ್ಕೆ ಸಾಮಾನು ತನ್ನಿ, ಆರು ಕಟ್ಟಿ ಕೇಳಿ, ಆಮೇಲೆ ಮುಂದುವರಿಸಿ. ಪೂರ್ತಿ ಸತ್ತ ಕೋಣೆ ಕಿರುಚುವ ಕೋಣೆಗಿಂತ ಕೆಟ್ಟದ್ದು, ಅಲ್ಲಿ ಹತ್ತು ನಿಮಿಷ ಕೂರಲು ಮನಸ್ಸಾಗುವುದಿಲ್ಲ.

ಹಳೇ ಹೆಂಚಿನ ಮನೆಯವರಿಗೆ ಇಷ್ಟೂ ಬೇಕಾಗದು. ಅಟ್ಟದ ತೆಳು ಹಲಗೆ ತಾನೇ ಅದುರಿ ಒಂದಷ್ಟು ಬಾಸ್ ನುಂಗುತ್ತದೆ. ಹೆಂಚಿನ ಸಂದಿನಿಂದ ಒಂದಷ್ಟು ಆಚೆ ಹೋಗುತ್ತದೆ. ಅವರು ಪಕ್ಕದ ಗೋಡೆ ನೋಡಿಕೊಂಡರೆ ಬಹುಪಾಲು ಮುಗಿಯಿತು.

ಹೆಜ್ಜೆ 6: ಪ್ಯಾನೆಲ್ ಕಟ್ಟುವುದು

ಚೌಕಟ್ಟಿಗೆ ಸಿಲ್ವರ್ ಓಕ್ ಹಲಗೆ ಸಾಕು. 4 ಇಂಚು ಅಗಲ, ಮುಕ್ಕಾಲು ಇಂಚು ದಪ್ಪ. ಒಣಗಿದ್ದೇ ಆಗಬೇಕು. ಹಸಿ ಹಲಗೆ ತಂದರೆ ಎರಡೇ ತಿಂಗಳಲ್ಲಿ ಡೊಂಕಾಗಿ ಪ್ಯಾನೆಲ್ ಹಪ್ಪಳದ ಹಾಗೆ ಆಗುತ್ತದೆ. ಕುಟ್ಟೆ ಹುಳು ಬಾರದಿರಲು ಔಷಧಿ ಹಚ್ಚಿ ಒಣಗಿಸಿ.

ಸ್ಲ್ಯಾಬಿನ ಅಳತೆಗೆ ಸರಿಯಾಗಿ, ಒಳಗೆ ಕಾಲಿಂಚು ಬಿಗಿಯಾಗಿ ಕೂರುವ ಹಾಗೆ ಚೌಕಟ್ಟು ಮಾಡಿಸಿ. ಮೊದಲು ಸ್ಲ್ಯಾಬ್ ತನ್ನಿ, ಆಮೇಲೆ ಆಚಾರಿಗೆ ಅಳತೆ ಕೊಡಿ. ನಾನು ತಿರುಗುಮುರುಗು ಮಾಡಿ ಎಂಟು ಚೌಕಟ್ಟು ಒಲೆಗೆ ಹಾಕಿದೆ. ಹಿಂಬದಿಗೆ ಪ್ಲೈವುಡ್ ಬಡಿಯಬೇಡಿ. ಬಡಿದರೆ ಹಿಂದಿನ ಖಾಲಿ ಜಾಗ ಇದ್ದೂ ಇಲ್ಲದ ಹಾಗೆ. ಸೊಳ್ಳೆ ಪರದೆಯ ಬಲೆ ಎಳೆದು ಸ್ಟೇಪಲ್ ಹೊಡೆಯಿರಿ, ಸ್ಲ್ಯಾಬ್ ಜಾರದಿದ್ದರೆ ಸಾಕು.

ರಾಕ್‌ವೂಲ್ ಕತ್ತರಿಸುವಾಗ ಮಾಸ್ಕ್, ಗ್ಲೌಸ್, ಉದ್ದ ತೋಳಿನ ಅಂಗಿ. ಕೆಲಸ ಹೊರಗೆ, ಅಂಗಳದಲ್ಲಿ. ಬ್ರೆಡ್ ಕೊಯ್ಯುವ ಹಲ್ಲಿನ ಚಾಕು ಚೆನ್ನಾಗಿ ಕೊಯ್ಯುತ್ತದೆ, ಆದರೆ ಅದನ್ನು ಮತ್ತೆ ಅಡುಗೆಮನೆಗೆ ತರಬೇಡಿ. ಬಟ್ಟೆಯನ್ನು ಮುಂದಿನಿಂದ ಹಿಂದಕ್ಕೆ ಎಳೆದು, ಮಧ್ಯದಿಂದ ಮೂಲೆಯ ಕಡೆ ಸ್ಟೇಪಲ್ ಮಾಡುತ್ತ ಹೋಗಿ.

ಗೋಡೆಗೆ ತೂಗುಹಾಕಲು 4 ಇಂಚಿನ ಮರದ ತುಂಡುಗಳನ್ನು ಚೌಕಟ್ಟಿನ ಹಿಂದೆ ನಾಲ್ಕು ಕಡೆ ಕೊಡಿ, ಅಂತರ ತಾನಾಗಿ ಬರುತ್ತದೆ. ಹಳೇ ಮಣ್ಣಿನ ಗೋಡೆಗೆ ಸ್ಕ್ರೂ ನಿಲ್ಲುವುದಿಲ್ಲ. ಅಂಥಲ್ಲಿ ಕಾಲು ಕೊಟ್ಟು ನೆಲದ ಮೇಲೆ ನಿಲ್ಲಿಸಿ. ಹೊರಗೋಡೆಯಾದರೆ, ಅದರಲ್ಲೂ ಮಳೆ ಹೊಡೆಯುವ ಬದಿಯಾದರೆ, ನಾನು ಹೇಗೂ ನಿಲ್ಲಿಸುವುದನ್ನೇ ಹೇಳುತ್ತೇನೆ. ಜುಲೈಯಲ್ಲಿ ಸರಿಸಿ ಗೋಡೆ ನೋಡಬಹುದು.

ಹಂಚಿಕೆ ಹೀಗೆ ಮಾಡಿದೆ: ಪಕ್ಕದ ಗೋಡೆಗೆ ಎರಡೆರಡು, ಒಂದರ ಮೇಲೊಂದು ಅಡ್ಡಲಾಗಿ. ಸ್ಪೀಕರ್ ಹಿಂದೆ ಎರಡು, ಬೆನ್ನ ಹಿಂದೆ ಎರಡು, ಮೂಲೆಗೆ ಎರಡು.

ಮೂಲೆ, ಬೆನ್ನು, ನೆಲ, ಚಾವಣಿ

ಮೂಲೆಯ ಪ್ಯಾನೆಲನ್ನು ಕರ್ಣದ ಹಾಗೆ ಅಡ್ಡ ನಿಲ್ಲಿಸಿ. ಹಿಂದೆ ಮುಕ್ಕೋನದ ಖಾಲಿ ಜಾಗ ಸಿಗುತ್ತದೆ. ಅದನ್ನೂ ರಾಕ್‌ವೂಲಿನ ತುಂಡುಗಳಿಂದ ತುಂಬಿದರೆ ಇನ್ನೂ ಒಳ್ಳೆಯದು, ಆದರೆ ಎರಡು ಗೋಡೆಗೂ ಬೆರಳು ಹೋಗುವಷ್ಟು ಸಂದು ಬಿಡಿ. ನೆಲದಿಂದ ಚಾವಣಿವರೆಗೆ ಇದ್ದಷ್ಟೂ ಲಾಭ. 40 ಹರ್ಟ್ಜ್ ಪೂರ್ತಿ ಸಾಯುತ್ತದೆ ಅಂದುಕೊಳ್ಳಬೇಡಿ. ಅದರ ಕಾಲು ಅಲೆಯೇ 7 ಅಡಿ. 80, 100ರ ಮೇಲೆ ಚೆನ್ನಾಗಿ ಹಿಡಿತಕ್ಕೆ ಬರುತ್ತದೆ, ಕೆಳಗಿನದನ್ನು ಕುರ್ಚಿ ಸರಿಸಿಯೇ ಸಂಭಾಳಿಸಬೇಕು. ನಾನು ಪರೀಕ್ಷೆಗೆ ವಾಲಗದ ರೆಕಾರ್ಡಿಂಗ್ ಹಾಕುತ್ತೇನೆ. ಡೋಲಿನ ಪೆಟ್ಟು ಹೊಡೆದು ನಿಲ್ಲಬೇಕು, ಎಳೆಯಬಾರದು. ಕಾಲು ಕುಣಿಯತೊಡಗಿದರೆ ಮೂಲೆ ಸರಿಯಾಗಿದೆ ಅಂತ ಲೆಕ್ಕ.

ಬೆನ್ನ ಹಿಂದಿನ ಗೋಡೆಯ ಸದ್ದು ನನಗೆ 10 ಮಿಲಿಸೆಕೆಂಡು ತಡವಾಗಿ ಬರುತ್ತದೆ. ಇಲ್ಲಿ ನುಂಗುವುದರ ಜೊತೆಗೆ ಚದುರಿಸುವುದೂ ಆಗುತ್ತದೆ. ಜರ್ಮನಿಯ ಮ್ಯಾನ್‌ಫ್ರೆಡ್ ಶ್ರೋಡರ್ 1975ರಲ್ಲಿ ಗಣಿತದ ಲೆಕ್ಕದಿಂದ ಬೇರೆ ಬೇರೆ ಆಳದ ಗೂಡುಗಳಿರುವ ಹಲಗೆಯನ್ನು ತೋರಿಸಿಕೊಟ್ಟರು. ನಮಗೆ ಪುಸ್ತಕದ ರ‍್ಯಾಕ್ ಇದೆ. ದಪ್ಪ ತೆಳು ಪುಸ್ತಕಗಳನ್ನು ಹಿಂದೆ ಮುಂದೆ ಮಾಡಿ ಇಡಿ, ಗಾಜಿನ ಬಾಗಿಲು ಬೇಡ. ಶ್ರೋಡರ್ ಲೆಕ್ಕದಷ್ಟು ಕರಾರುವಾಕ್ಕಲ್ಲ, ಬೋಳು ಗೋಡೆಗಿಂತ ಎಷ್ಟೋ ಮೇಲು.

ನೆಲಕ್ಕೆ ಸ್ಪೀಕರಿಗೂ ಕುರ್ಚಿಗೂ ನಡುವೆ ಒಂದು ದಪ್ಪ ಉಣ್ಣೆ ಕಾರ್ಪೆಟ್. ಕುಶಾಲನಗರ ದಾಟಿ ಬೈಲುಕುಪ್ಪೆಗೆ ಹೋದರೆ ಟಿಬೆಟಿಯನ್ನರು ನೇಯ್ದದ್ದು ಸಿಗುತ್ತದೆ. ಚಾಪೆಯಿಂದ ಏನೂ ಆಗುವುದಿಲ್ಲ. ಗಾಜಿನ ಕಿಟಕಿ ಗುರುತಿನ ಜಾಗಕ್ಕೇ ಬಂದಿದ್ದರೆ ದಪ್ಪ ಪರದೆಯನ್ನು ಕಿಟಕಿಯ ಎರಡರಷ್ಟು ಅಗಲಕ್ಕೆ ಹೊಲಿಸಿ, ನೆರಿಗೆ ಬೀಳಲಿ. ಚಾವಣಿಯದ್ದು ಕೊನೆಗೆ. 9 ಅಡಿ ಮೇಲಿದ್ದರೆ ಹೆಚ್ಚಿನವರು ಬಿಡಬಹುದು, ನಾನೂ ಬಿಟ್ಟಿದ್ದೇನೆ.

ಹೆಜ್ಜೆ 7: ಅಳತೆ

ಕಿವಿ ಸಾಕು ಅನ್ನುವವರು ಇದನ್ನು ಬಿಡಿ. ರೂಮ್ ಇಕ್ಯೂ ವಿಝಾರ್ಡ್ ಅನ್ನುವ ಸಾಫ್ಟ್‌ವೇರ್ ಉಚಿತ. ಯುಮಿಕ್-1 ಥರದ ಯುಎಸ್‌ಬಿ ಮೈಕ್ ಕಿವಿಯ ಎತ್ತರಕ್ಕೆ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಒಂದೊಂದೇ ಸ್ಪೀಕರಿಗೆ 20ರಿಂದ 20,000 ಹರ್ಟ್ಜ್‌ವರೆಗೆ ಏರುವ ಸದ್ದು ಬಿಡಿ. ಸಮಯದ ಗ್ರಾಫಿನಲ್ಲಿ ಮೊದಲ ಏರು ನೇರ ಸದ್ದು, ಆಮೇಲಿನ ಮುಳ್ಳುಗಳು ಪ್ರತಿಫಲನಗಳು. ಮೊದಲ 15 ಮಿಲಿಸೆಕೆಂಡಿನ ಮುಳ್ಳುಗಳು ನೇರ ಸದ್ದಿಗಿಂತ 10 ಡೆಸಿಬಲ್ ಕೆಳಗಿರಬೇಕು ಅನ್ನುವುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಕೇಳುವ ಕೋಣೆಗಳಿಗೆ ಹೇಳುವ ಮಟ್ಟ. ಮನೆಗೆ ಅದರ ಹತ್ತಿರ ಬಂದರೂ ಸಂತೋಷ.

ಯಾವ ಮುಳ್ಳು ಎಲ್ಲಿಂದ ಬಂತು ಅಂತ ಹುಡುಕಲು ದಾರ ಬೇಕು. 3 ಮಿಲಿಸೆಕೆಂಡಿನ ಮುಳ್ಳಿದ್ದರೆ ಅದನ್ನು 1.13ರಿಂದ ಗುಣಿಸಿ, 3.4 ಅಡಿ. ನೇರ ದೂರ 6 ಅಡಿ ಸೇರಿಸಿ. 9.4 ಅಡಿ ದಾರದ ಒಂದು ತುದಿ ಟ್ವೀಟರಿಗೆ, ಇನ್ನೊಂದು ಮೈಕಿಗೆ ಕಟ್ಟಿ. ನಡುವೆ ಬೆರಳಿಟ್ಟು ದಾರ ಬಿಗಿಯಾಗುವ ಹಾಗೆ ಎಳೆಯುತ್ತ ತಿರುಗಿಸಿ. ಬೆರಳು ಯಾವುದಕ್ಕೆ ತಾಗುತ್ತದೋ ಅದೇ ಕಳ್ಳ. ನನ್ನಲ್ಲಿ ಒಂದು ಮುಳ್ಳು ಯಾವ ಗೋಡೆಯ ಲೆಕ್ಕಕ್ಕೂ ಹೊಂದುತ್ತಿರಲಿಲ್ಲ. ದಾರ ತಾಗಿದ್ದು ಕಾಫಿ ಲೋಟ ಇಡುವ ಗಾಜಿನ ಟೀಪಾಯಿಗೆ.

ಅಳೆಯುವ ಹೊತ್ತೂ ಮುಖ್ಯ. ಟೆರೇಸಿಗೆ ಶೀಟ್ ಹೊದಿಸಿದ ಮನೆಯಲ್ಲಿ ಮಳೆ ಬಂದರೆ ಮೈಕಿಗೆ ಮಳೆ ಬಿಟ್ಟು ಬೇರೇನೂ ಕೇಳದು. ಸಂಜೆ ಜೀರುಂಡೆಗಳ ಕಾಟ. ಬೆಳಗಿನ ಜಾವ ಒಳ್ಳೆಯದು, ಮನೆಯವರ ಅನುಮತಿ ಇದ್ದರೆ.

ಮಳೆಗಾಲದ ಕೆಲಸ

ಮೇ ಕೊನೆಯಲ್ಲಿ ಪ್ಯಾನೆಲ್‌ಗಳ ಧೂಳನ್ನು ವ್ಯಾಕ್ಯೂಮ್‌ನಿಂದ, ಇಲ್ಲದಿದ್ದರೆ ಮೆತ್ತನೆ ಬ್ರಷ್‌ನಿಂದ ತೆಗೆಯಿರಿ. ಬೂಷ್ಟು ಮೊದಲು ಕೂರುವುದು ಧೂಳಿನ ಮೇಲೆ. ಜೂನ್ ಆದ ಮೇಲೆ ಕೋಣೆಯ ಬಾಗಿಲನ್ನು ದಿನಕ್ಕೆ ಒಂದು ಹೊತ್ತಾದರೂ ತೆಗೆದಿಡಿ, ಫ್ಯಾನ್ ಹಾಕಿ. ಬೀರುವಿನಲ್ಲಿ ಬಲ್ಬ್ ಉರಿಸಿಡುವ ನಮ್ಮ ಹಳೇ ಉಪಾಯವನ್ನು ರಾಕ್‌ವೂಲ್ ಪ್ಯಾನೆಲ್ ಹಿಂದೆ ಮಾಡಲು ಹೋಗಬೇಡಿ, ಬಟ್ಟೆಗೂ ಮರಕ್ಕೂ ಬೆಂಕಿ ಹಿಡಿಯುತ್ತದೆ. ಹದಿನೈದು ದಿನಕ್ಕೊಮ್ಮೆ ಹಿಂದೆ ಟಾರ್ಚ್ ಬಿಟ್ಟು ನೋಡಿ, ಮೂಗಿನಿಂದಲೂ ನೋಡಿ. ಮಣ್ಣಿನ ವಾಸನೆ ಬಂದರೆ ಪ್ಯಾನೆಲನ್ನು ಇನ್ನೆರಡು ಇಂಚು ಈಚೆ ಎಳೆಯಿರಿ.

ಅಕ್ಟೋಬರಿನಲ್ಲಿ ಬಿಸಿಲು ಗಟ್ಟಿಯಾದ ಮೇಲೆ ಎಲ್ಲವನ್ನೂ ಇಳಿಸಿ ಕಣಕ್ಕೆ ಒಯ್ದು, ಎರಡು ದಿನ ಎರಡೂ ಮಗ್ಗುಲು ಒಣಗಿಸಿ. ಚೆರಿ ಬರುವ ಮೊದಲು ಕಣ ಹೇಗೂ ಖಾಲಿ ಇರುತ್ತದೆ. ವಾಪಸ್ ತೂಗುಹಾಕುವಾಗ ಕನ್ನಡಿ ಇನ್ನೊಮ್ಮೆ ಹಿಡಿಸಿ ನೋಡಿ, ಅಷ್ಟು ತಿಂಗಳಲ್ಲಿ ಮನೆಯಲ್ಲಿ ಯಾರಾದರೂ ಸೋಫಾ ಸರಿಸಿಯೇ ಇರುತ್ತಾರೆ.